ಏನು ಕುಯ್ಯೋಕಮ್ಮ?

ಮಂಡಿ ಮೊಹಲ್ಲಾದ ತಿರುವಿನಲ್ಲಿ ಚಾಕು ಕೇಳಿದರೆ
ದಸ್ತಗೀರ್ ಸಾಬರ ಮೊದಲ ಮಾತು:
"ಏನು ಕುಯ್ಯೋಕಮ್ಮ?"

ಬಾಳೆಗೊನೆಗೆ ಕೊಕ್ಕಿನಂಥದು,
ಹಲಸಿಗೆ ಅಗಲ ಬೆನ್ನಿನದು,
ವೀಳ್ಯದ ತೊಟ್ಟಿಗೆ ಉಗುರಷ್ಟೇ.
ಬೀಟೆಯಲ್ಲಿ ಆನೆ ಕೂರಿಸುವವರ ಉಳಿಗಳಿಗೆ
ಗಾಜಿನ ಹಿಂದೆ ಬೇರೆಯೇ ಖಾನೆ.
ಸುಮ್ಮನೆ ಒಂದಿರಲಿ ಅಂದವರಿಗೆ
ಏನೂ ಕೊಡುತ್ತಿರಲಿಲ್ಲ.

ಕೈಯಿಂದ ಕೈಗಂತೂ ಇಲ್ಲವೇ ಇಲ್ಲ.
ಹಲಗೆಯ ಮೇಲಿಡುವರು, ನಾವೇ ಎತ್ತಿಕೊಳ್ಳಬೇಕು.
ಜಗಳ ಬರುತ್ತೆ ಅಂತ ನನ್ನಮ್ಮ ಹೇಳಿದ್ದನ್ನೇ
ಅವರ ಅಮ್ಮಿಯೂ ಹೇಳಿದ್ದಳಂತೆ.

ಸಾಣೆ ಹಿಡಿದದ್ದನ್ನು ಎಡ ಮುಂಗೈ ಮೇಲೆ
ಒಮ್ಮೆ ಎಳೆಯುವರು. ಕೂದಲುದುರಿದರೆ ಸೈ.
ಮೂವತ್ತು ವರ್ಷ ಆ ಕೈ
ಮಗುವಿನ ಕೆನ್ನೆ.

ಈಗ ಚಾಕು ಹಾಲಿನಂಗಡಿಯಲ್ಲೂ ಸಿಗುತ್ತದೆ,
ರಟ್ಟಿಗೆ ಅಂಟಿಕೊಂಡು, ಹಳದಿ ಹಿಡಿ, ಮೂವತ್ತೈದು ರೂಪಾಯಿ.
ಟೊಮೇಟೊ ಕುಯ್ಯದೆ ಜಜ್ಜುತ್ತದೆ.
ಮೊಂಡಾದರೆ ಬಿಸಾಡು.
ನಾನೂ ಕೊಂಡಿದ್ದೇನೆ, ಎರಡು.

ಮೊನ್ನೆ ಅಜ್ಜಿಯ ಈಳಿಗೆ ಹೊತ್ತು ಹೋದೆ.
ಅರ್ಧ ಅಂಗಡಿ ಮೊಬೈಲ್ ಕವರು,
ಸಾಣೆಕಲ್ಲಿನ ಮೇಲೆ ಚಹಾದ ಲೋಟ.
ಏನು ಕುಯ್ಯೋಕೆ ಅಂತ ಕೇಳಲಿಲ್ಲ.
ಲೋಟ ಕೆಳಗಿಟ್ಟು ಅಂಗಿ ತೋಳು ಮಡಿಸಿದರು.

ಎಡ ಮುಂಗೈ ತುಂಬ
ಬಿಳಿ ಕೂದಲು.