ಚಳಿಯ ಲೆಕ್ಕ

ಜನವರಿ ಹದಿನೇಳು. ಮೈನಸ್ ಇಪ್ಪತ್ತೆರಡು.
ಹಿಮ ಕೆದಕಿ, ಗವುಸು ಕಳಚಿ
ಉಗುರಗಲದ ಒಂದೆಲೆ ಚಿವುಟುತ್ತೇನೆ.
ದ್ರವ ಸಾರಜನಕದಲ್ಲಿ ಅದು ಚುಂಯ್ ಎಂದು ಮುಳುಗುತ್ತದೆ:
ಓದುತ್ತಿದ್ದ ಸಾಲಿನ ಮೇಲೇ
ಬೆರಳಿಟ್ಟು ನಿಲ್ಲಿಸಿದ ಹಾಗೆ.

ಹೊಲ ಟೂರ್ಬೊರಿಯದು. ನನ್ನದು ಬರೀ ಬಾಡಿಗೆಯ ಇಳಿಜಾರು.
ಬೇಲಿಗೆ ಮೊಣಕೈ ಊರಿ ಕೇಳುತ್ತಾಳೆ:
‘ಇಷ್ಟು ಕಳೆಗಿಡಕ್ಕೆ ಅಷ್ಟು ಲೆಕ್ಕ ಏನಿದೆಯಮ್ಮ?’

ಹೇಳುತ್ತೇನೆ, ತುಟಿ ಮರಗಟ್ಟಿದ್ದರೂ:
ಇದರೊಳಗೆ ಒಂದು ಜೀನ್ ಇದೆ, ಹೂವಿಗೆ ಅಡ್ಡ ಕೂತದ್ದು.
ಅದು ಮಾತಾಡುವ ತನಕ ಮೊಗ್ಗು ಕಮಕ್ಕಿಮಕ್ ಅನ್ನುವಂತಿಲ್ಲ.
ಚಳಿ ಬಂದು ಅದರ ಬಾಯಿ ಕಟ್ಟಬೇಕು,
ಒಂದೇ ಏಟಿಗಲ್ಲ,
ಇವತ್ತು ಈ ಕೋಶದಲ್ಲಿ, ಇನ್ನೊಂದು ದಿನ ಪಕ್ಕದ್ದರಲ್ಲಿ.
ಪ್ರತಿ ಕೋಶಕ್ಕೂ ಬರುವುದು ಎರಡೇ ಮಾತು:
ತೆರೆದಿದೆ. ಮುಚ್ಚಿದೆ.
ಓರೆ ಮಾಡಿದ ಬಾಗಿಲು ಅಲ್ಲಿಲ್ಲ.
ಎಷ್ಟು ಮುಚ್ಚಿದವೋ ಅಷ್ಟು ದಿನದ ಚಳಿ.
ಎಣಿಸಲು ಬಾರದವರೆಲ್ಲ ಸೇರಿ
ತಪ್ಪದೆ ಎಣಿಸಿಟ್ಟ ಲೆಕ್ಕ.

‘ಗೊತ್ತು,’ ಅನ್ನುತ್ತಾಳೆ.

ಅಡುಗೆಮನೆ. ಕಾಫಿ. ಒಲೆಯ ಪಕ್ಕ ಅವಳ ಬೆಕ್ಕು ಸ್ಕ್ರೋಲಾನ್,
ಕಪ್ಪಿನಲ್ಲಿ ಕೆಂಪು, ಕೆಂಪಿನಲ್ಲಿ ಕಪ್ಪು.
ಅಪ್ಪನ ವರ್ಣತಂತುವೋ ಅಮ್ಮನದೋ,
ಯಾವುದನ್ನು ಸುತ್ತಿ ಅಟ್ಟಕ್ಕೆ ಹಾಕುವುದೆಂದು
ಗರ್ಭದಲ್ಲೇ ಒಂದೊಂದು ಕೋಶ ಕಣ್ಣುಮುಚ್ಚಿ ಆರಿಸಿತು;
ಅದರ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಆ ಮಾತು ಮುರಿದಿಲ್ಲ.
ಬೆನ್ನು ಸವರುವಾಗ ನನ್ನ ಬೆರಳು
ಎಷ್ಟೋ ಹಳೆಯ ತೀರ್ಮಾನಗಳ ಗಡಿ ದಾಟುತ್ತದೆ.
ಬೆಕ್ಕು ಗುರುಗುಟ್ಟುತ್ತದೆ, ಎರಡೂ ಬಣ್ಣದಲ್ಲಿ.

‘ಆ ವರ್ಷ ಅಪ್ಪ ಮರ ಕಡಿಯಲು ಹೋಗಿ
ಕಾಲು ಮುರಿದುಕೊಂಡ,’ ಟೂರ್ಬೊರಿ ಶುರುಮಾಡುತ್ತಾಳೆ.
‘ಆಗಸ್ಟಿನಲ್ಲಿ ಬಿತ್ತಬೇಕಾದ ರೈ ಚೀಲದಲ್ಲೇ ಉಳಿಯಿತು.
ಅಮ್ಮ ಹಟ ಹಿಡಿದು ಮೇ ತಿಂಗಳಲ್ಲಿ ಬಿತ್ತಿದಳು.
ಏನು ಹಸಿರು! ದಾರಿಹೋಕರು ನಿಂತು ನೋಡುವಷ್ಟು.
ಜೂನ್ ಹೋಯಿತು, ಜುಲೈ ಹೋಯಿತು,
ಒಂದು ತೆನೆ? ಊಹೂಂ.
ಹುಲ್ಲು, ಹುಲ್ಲು, ಬರೀ ಹುಲ್ಲು.
ದನ ತಿಂದವು. ನಾವು ಆ ವರ್ಷ ಪಕ್ಕದ ಮನೆಯ ಬ್ರೆಡ್ ತಿಂದೆವು,
ಅಮ್ಮ ತಲೆ ತಗ್ಗಿಸಿ.’

ಕಾಫಿಯ ಮೇಲೆ ಕೆನೆ ಕಟ್ಟಿದೆ.
‘ಮತ್ತೆ ಬೀಜ?’ ಕೇಳುತ್ತಾಳೆ. ‘ನಿನ್ನ ಕಳೆಗಿಡದ ಬೀಜಕ್ಕೆ
ತಾಯಿ ಕಂಡ ಚಳಿ ನೆನಪಿರುತ್ತದೆಯೋ?’

ಇಲ್ಲ. ಬೀಜ ಕಟ್ಟುವಾಗ ಆ ಗಂಟೆಲ್ಲ ಬಿಚ್ಚಿಕೊಳ್ಳುತ್ತದೆ.
ಬಾಯಿ ಕಟ್ಟಿಸಿಕೊಂಡ ಜೀನ್ ಮತ್ತೆ ಮಾತಿಗೆ ತೊಡಗುತ್ತದೆ.
ಹುಟ್ಟಿದ್ದು ತನ್ನ ಚಳಿಯನ್ನು
ತಾನೇ, ಮೊದಲಿನಿಂದ, ಎಣಿಸಬೇಕು.

ಅವಳು ಸೌದೆ ಒಂದನ್ನು ಒಲೆಗೆ ನೂಕಿ,
ಅದು ಹತ್ತಿಕೊಳ್ಳುವ ತನಕ ಸುಮ್ಮನಿದ್ದು,
‘ಹಾಗಿದ್ದರೆ ಸರಿ,’ ಅನ್ನುತ್ತಾಳೆ.

ಕತ್ತಲಾಗಿದೆ, ಮಧ್ಯಾಹ್ನ ಮೂರಕ್ಕೇ.
ನಳಿಕೆಯ ಮುಚ್ಚಳದ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತೇನೆ:
ನೂರಾ ಎರಡನೆಯ ದಿನ, ಎಲೆ ಒಂಬತ್ತು.
ಮರಗಟ್ಟಿದ ಬೆರಳಿಗೆ ಒಂಬತ್ತು ಸೊನ್ನೆಯಂತೆ ಮೂಡುತ್ತದೆ.
ಒರೆಸಿ, ಮತ್ತೆ ಬರೆಯುತ್ತೇನೆ.