ಬೀಗದ ಕೈ

ನಮ್ಮ ಚರ್ಚಿಗೆ ಗಂಟೆಯೆಂದರೆ
ಮರುಲಾ ಮರಕ್ಕೆ ತೂಗುಬಿಟ್ಟ ಲಾರಿಗಾಲಿಯ ರಿಮ್ಮು.
ಬಾರಿಸುವವನು ನಾನು, ನಕಾಲೆ.
ಮೂವತ್ತೆರಡು ವರ್ಷ, ಒಂದೇ ಬೋಲ್ಟು,
ಎಡಗಿವಿಯನ್ನು ಅದಕ್ಕೇ ಒಪ್ಪಿಸಿದ್ದೇನೆ.

ಆ ಭಾನುವಾರ ಮೊದಲ ಗಂಟೆ ಹೊಡೆದಾಗ
ಮರಳಲ್ಲಿ ಹೂತ ವ್ಯಾನನ್ನು ನಮ್ಮ ಹುಡುಗರು ತಳ್ಳುತ್ತಿದ್ದರು.
ತಾವೂ ತಳ್ಳುತ್ತೇವೆಂದು ಇಳಿದರು
ಫಿನ್‌ಲ್ಯಾಂಡಿನವರು, ಹನ್ನೊಂದು ಮಂದಿ.
ಸುಲಿದ ಈರುಳ್ಳಿಯ ಬಣ್ಣದ ಮೊಣಕಾಲು,
ಒಂದೇ ಅಂಗಡಿಯ ಹನ್ನೊಂದು ಟೋಪಿ.

ಮುತ್ತಜ್ಜನ ಕಾಲದಲ್ಲಿ ಅವರ ಕಡೆಯವರೇ ಬಂದು
ಈ ರಾಗಗಳನ್ನು ಬಿಟ್ಟುಹೋದರಂತೆ,
ಎರವಲು ಕೊಟ್ಟವರು ಮರೆತ ಕೊಡದ ಹಾಗೆ.
ನಾವು ನಮ್ಮ ನೀರು ತುಂಬಿ ತುಂಬಿ
ಅದರ ಅಂಚು ಸವೆಸಿದ್ದೇವೆ.
ಈಗ ಎರಡು ಭಾಷೆಯಲ್ಲಿ ಒಂದೇ ಹಾಡು.
ಅವರದು ಆಳದ ಬಾವಿಯಿಂದ ಸೇದುವವರ ನಿಧಾನ.
ನಾವು ಎರಡನೇ ಚರಣ ಮುಗಿಸಿ
ಅವರಿಗಾಗಿ ಕಾದು ನಿಂತೆವು.
ನಂಗುಲಾ ತಾಯಿ ಸೆರಗಿಲ್ಲದ್ದಕ್ಕೆ ಅಂಗೈಯಲ್ಲಿ ನಕ್ಕಳು.

ಸುಗ್ಗಿಯ ಕಾಣಿಕೆ: ಬುಟ್ಟಿ ಬುಟ್ಟಿ ಸಜ್ಜೆ,
ಒಣಸೊಪ್ಪಿನ ಬಿಲ್ಲೆ, ಕಾಲು ಕಟ್ಟಿದ ಹೇಂಟೆ.
ಉಪದೇಶದ ಉದ್ದಕ್ಕೂ ಆಕ್ಷೇಪ ಎತ್ತಿದ್ದು ಅದೊಂದೇ.
ಅವರು ತಂದದ್ದು ಕೀಬೋರ್ಡು, ಉದ್ದದ ಪೆಟ್ಟಿಗೆಯಲ್ಲಿ.
ಕರೆಂಟು ಬಂದ ವರ್ಷ ನುಡಿಸೋಣ ಎಂದು
ಹಿರಿಯರು ಚಪ್ಪಾಳೆ ತಟ್ಟಿದರು.

ಆಮೇಲೆ ಮರದಡಿ ಸಜ್ಜೆಯ ಹುಳಿನೀರು.
ಟೀಚರ್ ನ್ದಾಹಾಫಾ ನಡುವೆ ಕೂತು
ಆ ಕಡೆಯ ಮಾತು ಈ ಕಡೆ ಸುರಿಯುತ್ತಿದ್ದಳು.
ಹಿರಿಯ ಹಾಉಫಿಕು ಲೋಕಾಭಿರಾಮಕ್ಕೆ ಕೇಳಿದ:
ಊರಲ್ಲಿ ನಿಮ್ಮ ಸಭೆ ಎಷ್ಟು ಮಂದಿ?
ಹನ್ನೊಂದು.
ಅಲ್ಲ, ಬಂದವರ ಲೆಕ್ಕವಲ್ಲ. ಊರಲ್ಲಿ?
ನ್ದಾಹಾಫಾ ಎರಡು ಸಲ ಕೇಳಿದಳು.
ಎಲ್ಲರೂ ಬಂದಿದ್ದಾರಂತೆ, ಅಂದಳು,
ನಮ್ಮ ಕಡೆ ನೋಡದೆ.

ಹೇಂಟೆಯೂ ಸುಮ್ಮನಾಯಿತು ಎಂದರೆ ಸುಳ್ಳಾದೀತು.
ಅದು ಕೂಗುತ್ತಲೇ ಇತ್ತು.

ನನಗೆ ಬಂದದ್ದು ನನ್ನ ಕಸುಬಿನ ಯೋಚನೆ.
ಹಾಗಾದರೆ ಇವತ್ತು ಅಲ್ಲಿ ಗಂಟೆ ಹೊಡೆದವರು ಯಾರು?
ಟೀಚರ್ ಬಾಯಿ ತೆರೆಯುವ ಮೊದಲೇ
ಗಾಳಿಯಲ್ಲಿ ಹಗ್ಗ ಎಳೆದು ತೋರಿಸಿದೆ.
ಕೊನೆಯಲ್ಲಿ ಕೂತಿದ್ದ ಉದ್ದನೆಯ ಮುದುಕ ಎದ್ದ, ಆರ್ನೊ.
ಅವನೂ ಎಳೆದ, ಗಾಳಿಯಲ್ಲಿ,
ನನ್ನದಕ್ಕಿಂತ ಉದ್ದದ ಹಗ್ಗ,
ಇಳಿಸುವಾಗ ಮೊಣಕಾಲು ಬಾಗಿ,
ಬಿಡುವಾಗ ಹಿಮ್ಮಡಿ ಮೇಲೆದ್ದು.
ತಿಳಿಯಿತು, ನಮ್ಮವನೇ.

ಸರೋವರದ ದಂಡೆ, ಮರದ ಗೋಪುರ, ಕಂಚಿನ ಗಂಟೆ ಎರಡು.
ಸತ್ತವರಿಗೆ ಸಣ್ಣದು.
ಈಚೆಗೆ ಹೆಚ್ಚು ಸವೆದದ್ದು ಅದೇ ಅಂತೆ.
ಜೇಬಿಗೆ ಕೈ ಹಾಕಿ ತೆಗೆದ
ಗೇಣುದ್ದದ ಕಬ್ಬಿಣ, ಬೀಗದ ಕೈ.
ಎರಡು ವಿಮಾನ, ಒಂದು ವ್ಯಾನು ದಾಟಿ ಬಂದದ್ದು.
ಯಾರ ಬಳಿ ಬಿಟ್ಟುಬರಲಿ, ಎಂದನಂತೆ.

ಬೋಲ್ಟು ಚಾಚಿದೆ. ಬೇಡವೆಂದು ತಲೆಯಾಡಿಸಿ
ಬೀಗದ ಕೈಯಿಂದಲೇ ಹೊಡೆದ, ಮೂರು ಸಲ,
ಮಲಗಿದವರ ಬಾಗಿಲು ತಟ್ಟುವ ಹಾಗೆ,
ಏಳದಿದ್ದರೆ ಮಲಗಿರಲಿ ಎನ್ನುವ ಹಾಗೆ.
ತೆಳು ಸದ್ದು. ಆದರೂ
ಬಯಲ ನೀರಿನಾಚೆ ಮೀನು ಹಿಡಿಯುತ್ತಿದ್ದ ಪೋರರು
ಮತ್ತೆ ಆರಾಧನೆಯೇನೋ ಎಂದು
ಒದ್ದೆ ಬಲೆ ಹೊತ್ತು ಓಡಿಬಂದು ಬೈಸಿಕೊಂಡರು.

ಹೊರಡುವಾಗ ಹಾಉಫಿಕು ಹೇಂಟೆಯನ್ನು ಎತ್ತಿ ಕೊಟ್ಟ:
ನಿಮ್ಮ ಸಭೆಗೆ, ನಮ್ಮ ಕಾಣಿಕೆ.
ವಿಮಾನದಲ್ಲಿ ಬಿಡುವುದಿಲ್ಲ, ಎಂದಳು ಪಾದ್ರಿಯಮ್ಮ ಹೆನ್ನಾ,
ಕೊಟ್ಟದ್ದನ್ನು ಮಾತ್ರ ಎದೆಗವಚಿಕೊಂಡೇ ಇದ್ದಳು.
ಅದೀಗ ನಮ್ಮ ಮನೆಯಲ್ಲಿದೆ.
ಮೊಟ್ಟೆ ಯಾರ ಲೆಕ್ಕಕ್ಕೆ ಎಂದು
ಹಿರಿಯರಲ್ಲಿ ಇನ್ನೂ ಒಮ್ಮತವಿಲ್ಲ.

ಮಳೆ ಬಂತು. ರಿಮ್ಮಿಗೆ ಹೊಸ ತುಕ್ಕು.
ಮೂರು ಗೀರೂ ಮುಚ್ಚಿಹೋದವು.
ಎಲ್ಲಿವೆಯೆಂದು ನನಗೆ ಗೊತ್ತು.
ಅಲ್ಲಿಗೆ ಬೋಲ್ಟು ತಾಗಿಸುವುದಿಲ್ಲ.