ಒಂದು ಸೀದಾ, ಒಂದು ಉಲ್ಟಾ

ಚಿಂತಾಮಣಿಯಲ್ಲಿ ಡಿಸೆಂಬರಿನ ಚಳಿ
ಅಂಬಾಜಿದುರ್ಗದಿಂದ ಇಳಿದು, ಜೋಡಿ ರಸ್ತೆ ದಾಟಿ,
ನನ್ನ ಅಂಗಡಿಯ ಅರ್ಧ ಶಟರಿನಡಿ ತೂರಿ ಬರುತ್ತದೆ.
ಒಳಗೆ ಎರಡು ಕಂಪ್ಯೂಟರು, ಒಂದು ಜೆರಾಕ್ಸು,
ಒಂದು ಬೆತ್ತದ ಕುರ್ಚಿ. ಅದು ಹೊಲಿಗೆ ಟೀಚರದು.
ಪಿಂಚಣಿಗೆ ಅರ್ಜಿ ಹಾಕಿಸಲು ಬಂದವರು
ಹದಿನಾಲ್ಕು ತಿಂಗಳು ಬಂದರು.

ಆಧಾರಿನಲ್ಲಿ ಜೈಬುನ್ನೀಸಾ,
ಬ್ಯಾಂಕಿನಲ್ಲಿ ಜೇಬುನಿಸ,
ಸರ್ವೀಸು ಪುಸ್ತಕದಲ್ಲಿ ಯಾರೋ ಗುಮಾಸ್ತ
ನೀಲಿ ಇಂಕಿನಲ್ಲಿ ಒತ್ತಿ ಬರೆದ ಜಯಬುನ್ನಿಸಾಬೇಗಂ.
ಮೂವರೂ ಒಬ್ಬರೇ ಎಂದು
ಗೆಜೆಟೆಡ್ ಅಧಿಕಾರಿ ಒಪ್ಪುವವರೆಗೆ
ಮೂವರಿಗೂ ಪಿಂಚಣಿ ಇಲ್ಲ.
ಕಾಯುತ್ತ ಕೂತು ಹೆಣೆದರು:
ಮಫ್ಲರು, ಎರಡು ಕುಲಾವಿ,
ನನ್ನ ಮಾನಿಟರಿಗೂ ಒಂದು ಹಸಿರು ಟೊಪ್ಪಿ.

"ಬಾ ಮಗಾ, ಕಲಿ. ಇರೋದೇ ಎರಡು.
ದಾರ ಹಿಂದಿದ್ದರೆ ಸೀದಾ, ಮುಂದೆ ತಂದರೆ ಉಲ್ಟಾ.
ಉಳಿದದ್ದೆಲ್ಲ ಈ ಎರಡರ ಜಗಳ, ರಾಜಿ."
ಕುಣಿಕೆಗೆ ಅವರು ಮನೆ ಅನ್ನುತ್ತಾರೆ.
ಸೂಜಿಯ ಮೇಲೆ ಇಪ್ಪತ್ತನಾಲ್ಕು ಮನೆ.
ಸೊನ್ನೆ, ಒಂದು ಎಂದು ನಾನೇನೋ ಹೋಲಿಕೆ ತೆಗೆದೆ.
"ಅದೆಲ್ಲ ಬೇಡ. ದಾರ ಬಿಗಿ ಹಿಡೀಬೇಡ."

ನನ್ನದು ಟೊಮ್ಯಾಟೊ ಮಂಡಿಗಳಿಗೆ
ಚೀಟಿ ಹೊಡೆಯುವ ಸಾಫ್ಟ್‌ವೇರು.
ತೂಕಕ್ಕೊಂದು ಪ್ಯಾಕೇಜು, ದರಕ್ಕೊಂದು, ಹಮಾಲಿಗೊಂದು.
ಹೆಸರಿಡುವ ಹೊತ್ತಿಗೆ ರಾತ್ರಿ ಹನ್ನೊಂದು ದಾಟಿರುತ್ತದೆ.
ತೂಕ
ತೂಕ-ಹೊಸ
ತೂಕ_ಹೊಸದು
ತೂಕ-ಹೊಸ-ಕೊನೆ
ತೂಕ-ಹೊಸ-ಕೊನೆ-ಇದೇ-ನಿಜ
ಗೆರೆ ನಡುವೆ ಬಿತ್ತೋ ಕೆಳಗೆ ಬಿತ್ತೋ
ಆ ಹೊತ್ತಲ್ಲಿ ಯಾರು ನೋಡುತ್ತಾರೆ?

ಯಂತ್ರ ನೋಡುತ್ತದೆ.

ಬೆಳಗಿನ ಐದಕ್ಕೆ ಚೌಡರೆಡ್ಡಿ ಮಂಡಿಯಿಂದ ಫೋನು.
ಕಾಟಾ ಮುಂದೆ ನಾನ್ನೂರು ಕ್ರೇಟು ನಿಂತಿವೆ,
ಚೀಟಿ ಬರುತ್ತಿಲ್ಲ, ಬಂದದ್ದರಲ್ಲೂ ನಿನ್ನೆಯ ದರ.
"ಏಮ್ಮಾ, ನೀ ತೂಕ ಎಕ್ಕಡ ಪೋಯಿಂದಿ?"
ಸ್ಕೂಟಿಯಲ್ಲಿ ಹೋದೆ, ಬೆರಳು ಮರಗಟ್ಟಿದ್ದವು.
ದರ ಕೇಳುತ್ತಿದ್ದದ್ದು ತೂಕ-ಹೊಸ,
ನಾನು ಇಟ್ಟು ಬಂದದ್ದು ತೂಕ_ಹೊಸದು.
ಒಂದು ಗೆರೆ. ಒಂದು ದು.
ಹಮಾಲಿ ನಾರೆಪ್ಪ ಕ್ರೇಟಿನ ಮೇಲೆ ಕೂತು
ಎರಡನೇ ಬೀಡಿ ಹಚ್ಚುತ್ತಾ
ನನ್ನನ್ನಲ್ಲ, ಕೆಂಪು ಬಿಡುತ್ತಿದ್ದ ಆಕಾಶವನ್ನು ಬೈದ.

ಸಂಜೆ ಟೀಚರು ನನ್ನ ಹೆಣಿಗೆಯನ್ನು ಟ್ಯೂಬ್‌ಲೈಟಿಗೆ ಹಿಡಿದರು.
ಒಂದು ಮನೆ ಸೂಜಿಯಿಂದ ಜಾರಿ
ಒಂಬತ್ತು ಸಾಲು ಕೆಳಗಿಳಿದು
ಹದಿನೇಳರಲ್ಲಿ ಹೇಗೋ ಸಿಕ್ಕಿಕೊಂಡಿತ್ತು.
ಅಕ್ಕಪಕ್ಕದ ಮನೆಗಳು ಸುದ್ದಿಯೇ ತಿಳಿಯದೆ ನೆಟ್ಟಗಿದ್ದವು.
ಬಿಚ್ಚಬೇಕಾ ಅಂದೆ.
ಬಿಚ್ಚಲಿಲ್ಲ. ಕೊಕ್ಕೆಸೂಜಿ ಇಳಿಬಿಟ್ಟು
ಒಂದೊಂದೇ ಅಡ್ಡದಾರ ಕುಣಿಕೆಯೊಳಗೆ ಎಳೆದು
ಬಾವಿಗೆ ಬಿದ್ದ ಬಿಂದಿಗೆಯನ್ನು
ಪಾತಾಳಗರಡಿಯಲ್ಲಿ ಎತ್ತಿದ ಹಾಗೆ
ಎತ್ತಿದರು.

"ಒಂದಕ್ಕೆ ಒಂದೇ ಹೆಸರಿರಬೇಕು ಮಗಾ. ನನ್ನ ನೋಡು,
ಮೂರು ಹೆಸರಿಟ್ಕೊಂಡು ಮೂರು ಕಾಸಿಗೆ ಗತಿಯಿಲ್ಲ."
ಅವರ ಎದುರೇ ತಿದ್ದುತ್ತಾ ಕೂತೆ.
ಮೊದಲು ಮಂಡಿ, ಆಮೇಲೆ ಕೆಲಸ, ನಡುವೆ ಗೆರೆ, ನಡುವೆಯೇ:
ಮಂಡಿ-ತೂಕ, ಮಂಡಿ-ದರ, ಮಂಡಿ-ಹಮಾಲಿ.
ಹೊಸದು, ಕೊನೆ, ನಿಜ, ಇವಕ್ಕೆ ಹೆಸರಿನಲ್ಲಿ ಜಾಗವಿಲ್ಲ,
ಎಷ್ಟನೆಯದು ಅನ್ನುವುದಕ್ಕೆ ಅಂಕಿ ಇದೆ.
ಅಕ್ಕಿ ಆರಿಸಿದಷ್ಟು ಹೊತ್ತು ಹಿಡಿಯಿತು.

ಅಷ್ಟರಲ್ಲಿ ಅವರು ಸಾಲು ಮುಗಿಸಿ ಮಗುಚಿದರು.
ಸೀದಾ ಹಾಕಿದ್ದೆಲ್ಲ ಹಿಂಬದಿಗೆ ಉಲ್ಟಾ,
ಉಬ್ಬು ಉಬ್ಬಾಗಿ, ಒಣಹಾಕಿದ ಕಡಲೆಕಾಯಿಯಂತೆ.
ಸಿಕ್ಕಿಬಿದ್ದರು ಅಂದುಕೊಂಡೆ.
"ಮತ್ತೆ ಇದು? ಒಂದೇ ಮನೆ, ಎರಡು ಹೆಸರು."
ಟೀಚರು ಕನ್ನಡಕದ ಮೇಲಿಂದ ನೋಡಿದರು.
"ಅದು ಹೆಸರಲ್ಲ," ಅಂದರು,
"ನೀನು ಕೂತಿರೋ ಕಡೆ."

ಜನವರಿಯಲ್ಲಿ ಪಿಂಚಣಿ ಬಂತು.
ಪಾಸ್‌ಬುಕ್ಕಿನಲ್ಲಿ ಅಚ್ಚಾದದ್ದು ಜೈಬುನಿಸ್ಸ, ನಾಲ್ಕನೆಯದು.
ನಾವಿಬ್ಬರೂ ಬಾಯಿ ಬಿಡಲಿಲ್ಲ.
ಕುರ್ಚಿ ಈಗಲೂ ಅವರದೇ, ದಿನಾ ಬರುತ್ತಾರೆ.
ಚೌಡರೆಡ್ಡಿಯ ಹಳೆಯ ಯಂತ್ರದೊಳಗೆ
ತೂಕ_ಹೊಸದು ಇನ್ನೂ ಓಡುತ್ತಿದೆ.
ಯಾವುದೋ ಅದನ್ನು ಹಿಡಿದುಕೊಂಡಿದೆ,
ಯಾವುದೆಂದು ಗೊತ್ತಿಲ್ಲ.
ಟೊಮ್ಯಾಟೊ ಸೀಸನ್ನು ಮುಗಿಯಲಿ,
ಕೊಕ್ಕೆಸೂಜಿ ಕೇಳಿ ಇಸಕೊಳ್ಳುತ್ತೇನೆ.